ಬೇಸಿಗೆಯಲ್ಲೂ ತೆಪ್ಪ ತೇಲಬೇಕು

ಬೇಲೂರು–ಹಳೇಬೀಡು ಪ್ರವಾಸಕ್ಕೆ ಎಂದೋ ಒಂದು ಕಟ್ಟುಪಾಡು ಬಿದ್ದುಹೋಗಿದೆ. ಬೆಳಗ್ಗೆ ಚೆನ್ನಕೇಶವನ ದರ್ಶನ, ಮದನಿಕೆಯರ ಮುಂದೆ ಗುಂಪಿನ ಫೋಟೊ. ಮಧ್ಯಾಹ್ನಕ್ಕೆ ಹದಿನಾರು–ಹದಿನೇಳು ಕಿಲೋಮೀಟರ್ ದಾಟಿ ಹೊಯ್ಸಳೇಶ್ವರ, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಒಂದು ಸುತ್ತು. ಸಂಜೆಯೊಳಗೆ ಚಿಕ್ಕಮಗಳೂರೋ ಶ್ರವಣಬೆಳಗೊಳವೋ. ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್–ಮೇ ತಿಂಗಳಲ್ಲಿ, ಹಾಗಾಗಿ ಹೆಚ್ಚಿನ ಕುಟುಂಬಗಳು ಬರುವುದೂ ಬಿಸಿಲು ನೆತ್ತಿ ಸುಡುವಾಗಲೇ. ಈ ಓಟದಲ್ಲಿ ಕಲ್ಲು ಕಣ್ಣಿಗೆ ಬೀಳುತ್ತದೆ, ನೀರು ಬೀಳುವುದಿಲ್ಲ. ಬೇಲೂರನ್ನು ತಾಕಿಕೊಂಡು ಹರಿಯುವ ಯಗಚಿ, ಹೊಯ್ಸಳರ ರಾಜಧಾನಿಗೆ ಹೆಸರನ್ನೇ ಕೊಟ್ಟ ಹಳೇಬೀಡಿನ ದ್ವಾರಸಮುದ್ರ ಕೆರೆ, ಊರಿನ ಹೆಸರಲ್ಲೇ ಉಳಿದಿರುವ ಅರಸೀಕೆರೆಯ ಕೆರೆ, ಇವೆಲ್ಲ ಬಸ್ಸಿನ ಕಿಟಕಿಯಾಚೆ ಸರಿದುಹೋಗುತ್ತವೆ. ಈ ಸೀಮೆಯಲ್ಲಿ ನೀರಿನ ಮೇಲೆ ನಿಧಾನವಾಗಿ, ಗೆಳೆಯರ ಜೊತೆ, ಯಾವ ಅವಸರವೂ ಇಲ್ಲದೆ ಒಂದು ಹಗಲು ಕಳೆಯುವ ಅವಕಾಶ ಇರಬೇಕು ಎಂಬುದು ನನ್ನ ವಾದ. ಅದು ಬೇಸಿಗೆಯಲ್ಲೇ ಇರಬೇಕು ಎಂಬುದು ಆ ವಾದದ ಮುಖ್ಯ ಭಾಗ. ವೈಶಾಖದಲ್ಲಿ ನಾಲ್ಕು ಜನ ಕೂತ ತೆಪ್ಪವೊಂದು ತೇಲುವಷ್ಟು ನೀರು ಕೆರೆಯಲ್ಲಿ ಉಳಿದಿದೆ ಎಂದರೆ ಆ ಕೆರೆಗೆ ನೀರು ತರುವ ಕಾಲುವೆ ತೆರೆದಿದೆ, ಅಂಗಳದ ಹೂಳು ಹೊರಗೆ ಹೋಗಿದೆ, ಸುತ್ತಲಿನ ಬಾವಿಗಳಲ್ಲಿ ಜೀವ ಇದೆ ಎಂದು ಅರ್ಥ. ಬೇಸಿಗೆಯ ದೋಣಿವಿಹಾರವನ್ನು ನಾವು ಶ್ರೀಮಂತರ ಶೋಕಿ ಎಂದು ಬದಿಗೆ ತಳ್ಳಿದ್ದೇವೆ. ಬಯಲುಸೀಮೆಯ ಮಟ್ಟಿಗೆ ಕೆರೆಯ ಆರೋಗ್ಯವನ್ನು ಎಲ್ಲರ ಕಣ್ಣೆದುರು ತೋರಿಸಬಲ್ಲ ಅಳತೆ ಅದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ.

ಬೇಸಿಗೆ ಮತ್ತು ದೋಣಿ ಒಟ್ಟಿಗೆ ಸೇರುವುದು ಎಲ್ಲ ಕಡೆ ಸಹಜವಲ್ಲ. ಮೆಡಿಟರೇನಿಯನ್ ಸಮುದ್ರದ ದಡಗಳಲ್ಲಿ ಬೇಸಿಗೆ ಎಂದರೆ ಮಳೆಯಿಲ್ಲದ ಆಕಾಶ, ಶಾಂತವಾದ ನೀರು. ಅಲ್ಲಿನವರು ಗೆಳೆಯರ ಗುಂಪು ಕಟ್ಟಿಕೊಂಡು ಹಾಯಿದೋಣಿ ಹತ್ತಿ, ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ ಈಜಿ ಉಂಡು, ಮರುದಿನ ಇನ್ನೊಂದು ಕೊಲ್ಲಿಗೆ ಸಾಗುತ್ತಾರೆ. ನಮ್ಮ ಕರಾವಳಿಯಲ್ಲಿ ಅಂಥ ಅವಕಾಶ ಮೇ ತಿಂಗಳ ಕೊನೆಗೆ ಮುಚ್ಚಿಹೋಗುತ್ತದೆ; ಜೂನ್ ಒಂದರಿಂದ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಒಳನಾಡಿನ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ ಕೆರೆ ತುಂಬುವುದು ಮಳೆಗಾಲದಲ್ಲಿ, ಇಳಿಯತೊಡಗುವುದು ಮಾಘದಿಂದ, ತಳ ಕಾಣುವುದು ಯುಗಾದಿ ಕಳೆದ ಮೇಲೆ. ಬಿಡುವು ಇರುವಾಗ ನೀರಿಲ್ಲ, ನೀರಿರುವಾಗ ಬಿಡುವಿಲ್ಲ. ಆದ್ದರಿಂದ ಬೇಸಿಗೆಯ ದೋಣಿಯ ಮಾತು ಬಂದ ಕೂಡಲೇ ಅದು ನೀರಿನ ನಿರ್ವಹಣೆಯ ಮಾತಾಗುತ್ತದೆ. ಹಾಗಾಗಬೇಕಾದ್ದೂ ಸರಿಯೇ.

ಈ ನಿರ್ವಹಣೆಯನ್ನು ಹೊಯ್ಸಳರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಹಾಸನ ಜಿಲ್ಲೆಯ ನೆಲವೇ ಸಾಕ್ಷಿ. ಮಲೆನಾಡಿನ ಅಂಚಿಗೂ ಬಯಲಿನ ಮೊದಲ ಹೊಲಗಳಿಗೂ ನಡುವೆ ಅವರ ರಾಜ್ಯದ ಹೃದಯಭಾಗ ಇತ್ತು. ಸಕಲೇಶಪುರದ ಕಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಪೂರ್ವಕ್ಕೆ ಅರಸೀಕೆರೆ ತಲುಪುವ ಹೊತ್ತಿಗೆ ಅದು ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಎರಡು–ಮೂರು ದಿನದ ನಡಿಗೆಯ ಅಂತರದಲ್ಲೇ ಹಸಿ ನಾಡು ಒಣ ನಾಡಾಗುವ ಈ ಇಳಿಜಾರಿನಲ್ಲಿ ರಾಜಧಾನಿ ಕಟ್ಟಲು ಹೊರಟವರು ಗುಡಿಗಿಂತ ಮೊದಲು ನೀರನ್ನು ಲೆಕ್ಕ ಹಾಕಲೇಬೇಕಿತ್ತು. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟಿ ಬೇಲೂರಿನ ಮೂಲಕ ಹರಿದು ಗೊರೂರಿನ ಬಳಿ ಹೇಮಾವತಿಯನ್ನು ಸೇರುವ ಯಗಚಿಗೆ ರಣಘಟ್ಟದ ಹತ್ತಿರ ಒಡ್ಡು ಹಾಕಿ, ಅಲ್ಲಿಂದ ಕಾಲುವೆ ತೋಡಿ ದ್ವಾರಸಮುದ್ರಕ್ಕೆ ನೀರು ಹರಿಸಿದ ವ್ಯವಸ್ಥೆ ಆ ಕಾಲದ್ದು. ಸುತ್ತಮುತ್ತ ಬಿದ್ದ ಮಳೆಯನ್ನಷ್ಟೇ ನಂಬದೆ, ದೂರದ ಬೆಟ್ಟದ ನೀರನ್ನು ಕೆರೆಗೆ ಜೋಡಿಸಿದ ಈ ಯೋಚನೆಯನ್ನು ಹೊಯ್ಸಳೇಶ್ವರದ ಗೋಡೆಗಳಷ್ಟೇ ದೊಡ್ಡ ಸಾಧನೆ ಎಂದು ಎಣಿಸಬೇಕು. ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಸುತ್ತ ಸಣ್ಣ ಸಣ್ಣ ಗುಡಿಗಳನ್ನು ಕೂರಿಸಿದ ಕಲ್ಯಾಣಿ ಇದೆ. ಬೇಲೂರಿನಲ್ಲಿ ದೇವಾಲಯದ ಆವರಣದೊಳಗೇ ಪುಷ್ಕರಣಿ, ಊರಿಗೆ ವಿಷ್ಣುಸಮುದ್ರ. ಅರಸೀಕೆರೆಯ ಕೆರೆಯನ್ನು ಹೊಯ್ಸಳ ರಾಣಿಯೊಬ್ಬಳು ಕಟ್ಟಿಸಿದಳೆಂಬ ನಂಬಿಕೆ ಊರಿನವರಲ್ಲಿ ಗಟ್ಟಿಯಾಗಿದೆ; ಅಲ್ಲಿನ ಈಶ್ವರ ದೇವಾಲಯ 1220ರ ಸುಮಾರಿನದು, ನಕ್ಷತ್ರದಾಕಾರದ ಅದರ ತೆರೆದ ಮಂಟಪಕ್ಕೆ ಹೊಯ್ಸಳ ಶಿಲ್ಪದಲ್ಲೇ ಜೋಡಿ ಸಿಗುವುದು ಕಷ್ಟ. ಹಳೇಬೀಡಿನ ಗೋಡೆಯ ಪಟ್ಟಿಕೆಗಳನ್ನು ಕೆಳಗಿನಿಂದ ನೋಡುತ್ತ ಹೋಗಿ: ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆಗಳು, ಅದರ ಮೇಲೆ ಮಕರ, ಮಕರದ ಮೇಲೆ ಹಂಸ. ನೆಲದ ಪ್ರಾಣಿಗಳಿಂದ ಹೊರಟ ಶಿಲ್ಪಿ ನೀರಿನ ಪ್ರಾಣಿ–ಪಕ್ಷಿಗಳಿಗೆ ಬಂದು ತಲುಪುತ್ತಾನೆ. ಶಿಲ್ಪಶಾಸ್ತ್ರದ ಸಂಪ್ರದಾಯ ಏನೇ ಇರಲಿ, ದೊಡ್ಡ ಕೆರೆಯ ಪಕ್ಕದಲ್ಲಿ ಕೂತು ಉಳಿ ಹಿಡಿದವನಿಗೆ ಹಂಸವನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಿರಲಾರದು.

ಆ ಕಾಲದ ಶಾಸನಗಳನ್ನು ಓದಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ ಸಮಾಜ, ಕಟ್ಟಿದ ಮೇಲೆ ಅದನ್ನು ಕಾಯುವುದಕ್ಕೂ ವ್ಯವಸ್ಥೆ ಮಾಡಿತ್ತು. ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ ಎಂದು ಬಗೆಬಗೆಯ ದತ್ತಿಗಳು. ಏರಿ ದುರಸ್ತಿಗೆ, ಹೂಳು ತೆಗೆಯಲು, ತೂಬು ನೋಡಿಕೊಳ್ಳಲು ಬಿಟ್ಟ ಭೂಮಿ, ಬೆಳೆಯ ಪಾಲು. ತಮಿಳು ನಾಡಿನ ಹಳೆಯ ಶಾಸನಗಳಲ್ಲಂತೂ ಕೆರೆಯ ಹೂಳೆತ್ತಲು ದೋಣಿ ಇಟ್ಟುಕೊಳ್ಳುವುದಕ್ಕೆಂದೇ ದತ್ತಿ ಕೊಟ್ಟ ಉಲ್ಲೇಖಗಳಿವೆ. ಹದಿಮೂರನೆಯ ಶತಮಾನದಲ್ಲಿ ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ನೆಲೆ ಮಾಡಿಕೊಂಡಿದ್ದ ಹೊಯ್ಸಳ ಸೋಮೇಶ್ವರ ಆ ಪದ್ಧತಿಗಳ ನಡುವೆಯೇ ಆಳಿದವನು. ಕೆರೆಯಲ್ಲಿ ದೋಣಿ ಇರುವುದು ಎಂದರೆ ಕೆರೆಯನ್ನು ನೋಡಿಕೊಳ್ಳುವವರು ಇದ್ದಾರೆ ಎಂದು ಅಂದಿನವರು ತಿಳಿದಿದ್ದರು. ನಾವು ಇವೆರಡನ್ನೂ ಬೇರೆ ಮಾಡಿದ್ದೇವೆ: ದೋಣಿ ಪ್ರವಾಸೋದ್ಯಮದವರ ಪಾಲಿಗೆ, ಹೂಳು ಸಣ್ಣ ನೀರಾವರಿಯವರ ಪಾಲಿಗೆ. ಒಬ್ಬರ ಕಡತ ಇನ್ನೊಬ್ಬರ ಮೇಜಿಗೆ ಹೋಗುವುದಿಲ್ಲ.

ನೀರಿನ ಮೇಲೆ ವಿಹರಿಸುವ ಆಸೆ ನಮಗೆ ಹೊರಗಿನಿಂದ ಬಂದದ್ದು ಎಂದು ಹೇಳುವವರೂ ಇದ್ದಾರೆ. ಆದರೆ ಕನ್ನಡದ ಮಹಾಕಾವ್ಯಗಳು ಪಾಲಿಸಿದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಆ ವರ್ಣನೆಗಳ ಕ್ರಮದಲ್ಲೇ ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ಜೋಡಿಸಿದ ‘ಸೂಕ್ತಿಸುಧಾರ್ಣವ’ ಸಿದ್ಧವಾದದ್ದು ಇದೇ ಹೊಯ್ಸಳರ ಆಶ್ರಯದಲ್ಲಿ, ಮಲ್ಲಿಕಾರ್ಜುನನ ಕೈಯಲ್ಲಿ. ಅರಮನೆಯ ಮಾತು ಹಾಗಿರಲಿ, ಜನಸಾಮಾನ್ಯರ ನಡುವೆ ಇದಕ್ಕಿಂತ ಗಟ್ಟಿಯಾದ ಪರಂಪರೆ ತೆಪ್ಪೋತ್ಸವದ್ದು. ನಂಜನಗೂಡಿನ ಕಪಿಲೆಯಲ್ಲಿ, ಮೇಲುಕೋಟೆಯ ಕಲ್ಯಾಣಿಯಲ್ಲಿ, ಚಾಮುಂಡಿಬೆಟ್ಟದ ದೇವಿಕೆರೆಯಲ್ಲಿ, ಎಳ್ಳಮಾವಾಸ್ಯೆಯಂದು ತೀರ್ಥಹಳ್ಳಿಯ ತುಂಗೆಯಲ್ಲಿ ದೀಪ ಹೊತ್ತ ತೆಪ್ಪ ಸುತ್ತುತ್ತದೆ. ದಡದಲ್ಲಿ ಊರಿಗೆ ಊರೇ ನಿಂತು ನೋಡುತ್ತದೆ. ದೇವರಿಗೂ ವರ್ಷಕ್ಕೊಮ್ಮೆ ಗರ್ಭಗುಡಿಯ ಕತ್ತಲಿನಿಂದ ಹೊರಬಂದು ನೀರಿನ ಮೇಲೆ ತಂಗಾಳಿ ಬೇಕು ಎಂದು ಭಾವಿಸಿದ ಜನ ನಾವು. ಆ ಬಿಡುವು ಮನುಷ್ಯರಿಗೂ ಸಿಗಲಿ ಎಂದು ಕೇಳುವುದು ಅತಿಯಾಸೆಯಲ್ಲ. ತೆಪ್ಪ ಅಥವಾ ಹರಿಗೋಲಿನ ವಿಚಾರಕ್ಕೆ ಬಂದರೆ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿರುವ, ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಮಾತ್ರವಲ್ಲ, ಕುದುರೆ–ಎತ್ತುಗಳೂ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಇಂದು ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿದೆ. ಬಿದಿರಿನ ಹೆಣಿಗೆ ಅದೇ. ಈ ಸೀಮೆಗೆ ಹೊಸ ಹಡಗು ಬೇಕಿಲ್ಲ. ಮೊಣಕಾಲುದ್ದ ನೀರಿನಲ್ಲೂ ತೇಲುವ, ಜೆಟ್ಟಿಯಿಲ್ಲದೆ ದಡಕ್ಕೆ ತಾಗುವ, ಗಳ ಊರಿ ನಿಲ್ಲಿಸಬಹುದಾದ ದೋಣಿ ನಮ್ಮಲ್ಲಿ ಆಗಲೇ ಇದೆ.

ಮೊಣಕಾಲುದ್ದ ನೀರೂ ಯಾಕೆ ಉಳಿಯುವುದಿಲ್ಲ ಎಂಬ ಪ್ರಶ್ನೆಗೆ ಮಳೆಯನ್ನು ದೂರುವುದು ರೂಢಿ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಈ ಭಾಗದ ಬೇಸಿಗೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾಗುತ್ತದೆ ಎಂದಿಟ್ಟುಕೊಂಡರೆ ಮಾರ್ಚ್‌ನಿಂದ ಮೇವರೆಗೆ ಸುಮಾರು ಅರ್ಧ ಮೀಟರ್ ನೀರು ಆಕಾಶಕ್ಕೆ ಹೋಗುತ್ತದೆ. ನಾಲ್ಕು ಮೀಟರ್ ಆಳವಿರುವ ಕೆರೆಗೆ ಅದು ಎಂಟನೇ ಒಂದು ಭಾಗದ ನಷ್ಟ. ಹೂಳು ತುಂಬಿ ಆಳ ಒಂದೂವರೆ ಮೀಟರಿಗೆ ಕುಗ್ಗಿದ ಕೆರೆಗೆ ಮೂರನೇ ಒಂದು ಭಾಗವೇ ಹೋಗುತ್ತದೆ. ಬಿಸಿಲು ಎರಡಕ್ಕೂ ಒಂದೇ, ವ್ಯತ್ಯಾಸ ತಳದಲ್ಲಿದೆ. ಹಿಂದೆ ರೈತರು ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೇರಿಕೊಂಡು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳ ಸಿಕ್ಕಿತು. ನೀರುಗಂಟಿ ತೂಬು ಎತ್ತುವ ದಿನ, ಯಾವ ಅಚ್ಚುಕಟ್ಟಿಗೆ ಎಷ್ಟು ನೀರು ಎಂಬುದನ್ನೆಲ್ಲ ತೂಗಿ ನೋಡುತ್ತಿದ್ದ. ರಾಸಾಯನಿಕ ಗೊಬ್ಬರ ಬಂದ ಮೇಲೆ ಗೋಡು ಬೇಡವಾಯಿತು, ಕೊಳವೆಬಾವಿ ಬಂದ ಮೇಲೆ ತೂಬು ಬೇಡವಾಯಿತು, ತೂಬು ಬೇಡವಾದ ಮೇಲೆ ನೀರುಗಂಟಿಯೂ ಹೋದ. ಕೆರೆಗೆ ನೀರು ತರುತ್ತಿದ್ದ ಹಳ್ಳಗಳ ಮೇಲೆ ನೀಲಗಿರಿ ತೋಪುಗಳೂ ರಸ್ತೆಗಳೂ ಒತ್ತುವರಿಗಳೂ ಎದ್ದವು. ಮಳೆ ಕಡಿಮೆಯಾದ ವರ್ಷಗಳು ಇದ್ದೇ ಇವೆ. ಆದರೆ ಬಿದ್ದ ಮಳೆಯೂ ಕೆರೆ ತಲುಪದ ವರ್ಷಗಳು ಅದಕ್ಕಿಂತ ಹೆಚ್ಚು, ಇದನ್ನು ಅರಸೀಕೆರೆ ತಾಲ್ಲೂಕಿನ ಯಾವ ತೆಂಗು ಬೆಳೆಗಾರನನ್ನು ಕೇಳಿದರೂ ಹೇಳುತ್ತಾನೆ.

ಈಗ ಬೇಲೂರಿನ ಯಗಚಿಯನ್ನು ನೋಡಿ. 2004ರ ಹೊತ್ತಿಗೆ ಪೂರ್ಣಗೊಂಡ ಅಣೆಕಟ್ಟು ಸುಮಾರು 3.6 ಟಿಎಂಸಿ ನೀರು ಹಿಡಿಯುತ್ತದೆ. ಗೊರೂರಿನ ಹೇಮಾವತಿ ಜಲಾಶಯದ 37.1 ಟಿಎಂಸಿಯ ಹತ್ತನೇ ಒಂದು ಭಾಗದಷ್ಟು. ಚಿಕ್ಕದಾಗಿರುವುದೇ ಅದರ ಚೆಲುವು. ದಡದಿಂದ ದಡ ಕಾಣುತ್ತದೆ, ಉತ್ತರಕ್ಕೆ ಬಾಬಾಬುಡನ್‌ಗಿರಿಯ ಸಾಲು ನಿಂತಿರುತ್ತದೆ, ಹಿನ್ನೀರು ಹೊಲಗಳ ನಡುವೆ ಅಲ್ಲಲ್ಲಿ ಸಣ್ಣ ಕೊಲ್ಲಿಗಳಂತೆ ಒಳನುಗ್ಗಿದೆ. ಮರದ ನೆರಳಿರುವ ಅಂಥ ಒಂದು ಚಾಚಿನಲ್ಲಿ ತೆಪ್ಪಗಳನ್ನು ನಿಲ್ಲಿಸಿ, ಬುತ್ತಿ ಬಿಚ್ಚಿ, ಅರಸೀಕೆರೆ ಕಡೆಯ ಎಳನೀರು ಕುಡಿದು, ಬಿಸಿಲಿಳಿದ ಮೇಲೆ ಮುಂದಿನ ಚಾಚಿಗೆ ಹುಟ್ಟು ಹಾಕುವಂತಿದ್ದರೆ ಎಂಟು–ಹತ್ತು ಮಂದಿ ಗೆಳೆಯರ ಒಂದು ಹಗಲು ಸುಖವಾಗಿ ಕಳೆಯುತ್ತದೆ. ಇಂಥ ದಿನದಲ್ಲಿ ಸಿಗುವ ಮಾತುಕತೆ ಹೋಟೆಲಿನ ಟೇಬಲ್ಲಿನಲ್ಲೂ ಸಿಗುವುದಿಲ್ಲ, ಕಾರಿನೊಳಗೂ ಸಿಗುವುದಿಲ್ಲ; ದೋಣಿಯಲ್ಲಿ ಎದ್ದು ಹೋಗಲು ಯಾರಿಗೂ ಜಾಗವಿಲ್ಲ, ಮೌನ ಬಂದರೂ ಅದನ್ನು ತುಂಬುವ ಅವಸರವಿಲ್ಲ. ಸದ್ಯ ಯಗಚಿಯಲ್ಲಿ ಇರುವುದು ಜಲಸಾಹಸ ಕ್ರೀಡೆಗಳ ಕೇಂದ್ರ: ಸ್ಪೀಡ್ ಬೋಟ್, ಜೆಟ್ ಸ್ಕೀ, ಕಯಾಕ್. ಸಾಹಸಕ್ಕೆ ನನ್ನ ವಿರೋಧವಿಲ್ಲ, ಹದಿಹರೆಯದವರಿಗೆ ಅದೂ ಬೇಕು. ಆದರೆ ಇದು ಕುಡಿಯುವ ನೀರಿನ ಜಲಾಶಯವೂ ಹೌದು. ಎಂಜಿನ್ನು ಐದು ನಿಮಿಷದ ಕಿರುಚಾಟಕ್ಕೆ ದುಡ್ಡು ತೆಗೆದುಕೊಳ್ಳುತ್ತದೆ, ನೀರಿನ ಮೇಲೆ ಎಣ್ಣೆಯ ಪದರ ಬಿಡುತ್ತದೆ, ಪ್ರವಾಸಿಯನ್ನು ಮತ್ತೆ ಬಸ್ಸಿಗೆ ಹತ್ತಿಸುತ್ತದೆ. ಹುಟ್ಟಿನ ದೋಣಿ ಅವನನ್ನು ಸಂಜೆಯವರೆಗೆ ಉಳಿಸಿಕೊಳ್ಳುತ್ತದೆ, ಊಟವೂ ವಸತಿಯೂ ಬೇಲೂರಿನಲ್ಲೇ ಆಗುವಂತೆ ಮಾಡುತ್ತದೆ. ಊರಿನ ಸಂಪಾದನೆಯ ದೃಷ್ಟಿಯಿಂದಲೂ ನಿಧಾನವೇ ಲಾಭ.

ಗೊರೂರಿನ ಹಿನ್ನೀರಿನಲ್ಲಿ ಇಂಥ ನಿಧಾನ ವಿಹಾರದ ಇನ್ನೊಂದು ರೂಪ ಕಾಣುತ್ತದೆ. 1860ರಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಹೇಮಾವತಿ ಜಲಾಶಯದಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ನೀರಿರುವಾಗ ತೆಪ್ಪದಲ್ಲಿ, ನೀರಿಳಿದ ಮೇಲೆ ನಡೆದುಕೊಂಡು ಜನ ಅದರ ಹತ್ತಿರ ಹೋಗುತ್ತಾರೆ. ಒಂದೇ ಜಾಗ ಋತುವಿನಿಂದ ಋತುವಿಗೆ ಬೇರೆಯಾಗುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಭಾರವಾದದ್ದು ಇದು: ಅರಸೀಕೆರೆಯಂಥ ಬರದ ತಾಲ್ಲೂಕಿನಲ್ಲಿ ಕುಡಿಯಲು ನೀರಿಲ್ಲ, ಕೊಳವೆಬಾವಿ ಸಾವಿರ ಅಡಿ ಇಳಿದರೂ ತೇವವಿಲ್ಲ, ಅಲ್ಲಿ ನಿಂತು ದೋಣಿವಿಹಾರದ ಮಾತಾಡುವುದು ಸರಿಯೇ? ಈ ಪ್ರಶ್ನೆ ಕೇಳುವವರ ಸಂಕಟ ನಿಜ, ಅದಕ್ಕೆ ತಲೆಬಾಗಿಯೇ ಉತ್ತರ ಕೊಡಬೇಕು. ಅರಸೀಕೆರೆ ಪಟ್ಟಣ ಕುಡಿಯುವ ನೀರಿಗೆ ಹೇಮಾವತಿಯನ್ನು ನೆಚ್ಚಿಕೊಂಡಿದೆ; ತಾಲ್ಲೂಕಿನ ಮೂಲಕ ಎತ್ತಿನಹೊಳೆ ಯೋಜನೆಯ 252 ಕಿಲೋಮೀಟರ್ ಉದ್ದದ ಗುರುತ್ವ ಕಾಲುವೆಯ ಮಾರ್ಗ ಹಾದುಹೋಗುತ್ತದೆ. ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಪಡೆಯಿತು. ಸಾವಿರಾರು ಕೋಟಿ ರೂಪಾಯಿ ಖರ್ಚು ಮಾಡಿ ಘಟ್ಟದ ನೀರನ್ನು ಪೂರ್ವಕ್ಕೆ ಎತ್ತುವ ರಾಜ್ಯ, ಆ ನೀರು ಬಂದು ನಿಲ್ಲಬೇಕಾದ ಕೆರೆಗಳ ತಳವನ್ನು ಹೂಳಿಗೆ ಬಿಟ್ಟುಕೊಟ್ಟರೆ ಬಂದ ನೀರು ಬಂದ ಹಾಗೆ ಆವಿಯಾಗುತ್ತದೆ. ದೋಣಿ ನೀರು ಕುಡಿಯುವುದಿಲ್ಲ. ಕೆರೆಯಲ್ಲಿ ನೀರಿಲ್ಲದಿದ್ದರೆ ದೋಣಿಯೂ ಇರುವುದಿಲ್ಲ, ಅಷ್ಟರಮಟ್ಟಿಗೆ ಅದು ಬಾಯಾರಿದವರ ಪಕ್ಷದಲ್ಲೇ ಇರುತ್ತದೆ. ಕುಡಿಯುವುದಕ್ಕೆ ಮೊದಲ ಪಾಲು, ದನಕರುಗಳಿಗೆ ಆಮೇಲೆ, ಹೊಲಕ್ಕೆ ಅದರ ನಂತರ, ವಿಹಾರಕ್ಕೆ ಕೊನೆಯದು, ಈ ಕ್ರಮವನ್ನು ತೂಬಿನ ಕಲ್ಲಿನ ಮೇಲೆ ಗೆರೆ ಎಳೆದು ಗುರುತಿಸಬೇಕು. ನೀರು ಆ ಗೆರೆಗಿಂತ ಕೆಳಗಿಳಿದ ದಿನ ತೆಪ್ಪಗಳನ್ನು ದಡಕ್ಕೆ ಮಗುಚಿ ಹಾಕಬೇಕು. ಗೆರೆ ಎಲ್ಲರಿಗೂ ಕಾಣುವಂತಿರುವುದರಿಂದ ಕೆರೆ ಎಷ್ಟು ಬೇಗ, ಯಾಕೆ ಇಳಿಯಿತು ಎಂಬ ಪ್ರಶ್ನೆಯೂ ಊರಿನಲ್ಲಿ ಏಳುತ್ತದೆ. ಇಂದು ಕೆರೆ ಬತ್ತಿದರೆ ಅದು ಯಾರ ನಷ್ಟವೂ ಅಲ್ಲ ಎಂಬಂತಾಗಿದೆ, ಏಕೆಂದರೆ ಬೋರ್‌ವೆಲ್ ಇದ್ದವನಿಗೆ ಕೆರೆ ಬೇಡ, ಇಲ್ಲದವನ ಮಾತನ್ನು ಕೇಳುವವರಿಲ್ಲ. ಕೆರೆಯಲ್ಲಿ ನೀರು ನಿಲ್ಲುವುದರಿಂದ ದಿನದ ಅನ್ನ ಹುಟ್ಟುವ ನಾಲ್ಕಾರು ಕುಟುಂಬಗಳು ದಡದಲ್ಲಿದ್ದರೆ ಆ ಮೌನ ಮುರಿಯುತ್ತದೆ.

ಎರಡನೆಯ ಆಕ್ಷೇಪ ಬೆಂಗಳೂರಿನ ಅನುಭವದಿಂದ ಬಂದದ್ದು, ಅದನ್ನೂ ಲಘುವಾಗಿ ಕಾಣುವಂತಿಲ್ಲ. ಎರಡು ಸಾವಿರದ ದಶಕದ ನಡುವೆ ಅಲ್ಲಿನ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ದೋಣಿವಿಹಾರ, ತಿನಿಸಿನ ಮಳಿಗೆ, ಟಿಕೆಟ್ ಕೌಂಟರ್ ಬಂದವು. ದನ ಮೇಯಿಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಬೇಲಿಯಾಚೆ ಉಳಿದರು. 2008ರಲ್ಲಿ ಇದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ಕೆರೆಗಳ ಸಂರಕ್ಷಣೆಯ ದಾರಿ ಸೂಚಿಸಿತು. ಅಲ್ಲಿ ತಪ್ಪಿದ್ದು ದೋಣಿಯಿಂದಲ್ಲ, ಗುತ್ತಿಗೆಯಿಂದ. ಹಾಗಾಗಿ ಬೇಲೂರು–ಹಳೇಬೀಡಿನಲ್ಲಿ ದೋಣಿ ನಡೆಸುವ ಹಕ್ಕು ಯಾವ ಕಂಪನಿಗೂ ಹೋಗಬಾರದು. ಕೆರೆಗಳಲ್ಲಿ ಈಗಾಗಲೇ ಬಲೆ ಬೀಸುವ, ನೀರಿನ ಆಳ–ಸುಳಿ ಬಲ್ಲ ಬೆಸ್ತರ ಮೀನುಗಾರರ ಸಹಕಾರ ಸಂಘಗಳಿಗೆ ಅದು ಸಿಗಬೇಕು. ದಡಕ್ಕೆ ಬೇಲಿ ಬೇಡ, ಟಿಕೆಟ್ ತೆಪ್ಪ ಹತ್ತುವವರಿಗೆ ಮಾತ್ರ ಇರಲಿ, ಬಂದ ಹಣದಲ್ಲಿ ಒಂದು ಗೊತ್ತಾದ ಪಾಲು ಏರಿ ಮತ್ತು ಕಾಲುವೆಯ ದುರಸ್ತಿಗೆ ಹೋಗಲಿ. ಹೊಯ್ಸಳರ ಬಿತ್ತುವಟ್ಟವೂ ಬೆಳೆಯ ಪಾಲನ್ನು ಹೀಗೆಯೇ ಕೆರೆಗೆ ತಿರುಗಿಸುತ್ತಿತ್ತು. 2000ದಲ್ಲಿ ಹುಟ್ಟಿದ ಜಲಸಂವರ್ಧನೆ ಯೋಜನಾ ಸಂಘ ಹಳ್ಳಿಗಳಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿಸಿ ಇದೇ ದಿಕ್ಕಿನಲ್ಲಿ ಪ್ರಯತ್ನ ಮಾಡಿತ್ತು. ನಿರಂತರವಾದ ಆದಾಯದ ಮೂಲವಿದ್ದರೆ ಅಂಥ ಸಂಘಗಳು ಯೋಜನೆಯ ಹಣ ಮುಗಿದ ಮೇಲೂ ಉಳಿಯುತ್ತವೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ ಎರಡಂತಸ್ತಿನ ದೋಣಿ ಮುಳುಗಿ 22 ಜನ ಸತ್ತರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಮುಳುಗಿಹೋದರು. ತಾನೂರು, ಹರಣಿಗಳಲ್ಲಿ ಪ್ರಾಣ ತೆಗೆದದ್ದು ಮಿತಿಮೀರಿದ ಜನ ಮತ್ತು ಎಲ್ಲರಿಗೂ ಸಿಗದ ಲೈಫ್ ಜಾಕೆಟ್. ಹರಣಿ ಒಂದು ಊರಿನೊಳಗಿನ ಕೆರೆ, ನೀರು ಶಾಂತವಾಗಿದೆ ಎಂಬ ಭರವಸೆಯೇ ಅಲ್ಲಿ ಮುಳುವಾಯಿತು. ಒಂದು ತೆಪ್ಪಕ್ಕೆ ನಾಲ್ಕೈದು ಜನ, ಪ್ರತಿಯೊಬ್ಬರಿಗೂ ಕಟ್ಟಿದ ಜಾಕೆಟ್, ಗಾಳಿ ಎದ್ದರೆ ಮತ್ತು ಕತ್ತಲಾದರೆ ನೀರಿಗಿಳಿಯದಿರುವುದು, ಮದ್ಯ ಕುಡಿದವರನ್ನು ದಡದಲ್ಲೇ ನಿಲ್ಲಿಸುವುದು, ಇವುಗಳನ್ನು ಪಾಲಿಸಲಾಗದ ಕಡೆ ದೋಣಿ ಬೇಡವೇ ಬೇಡ. ಒಳನಾಡಿನ ಯಾಂತ್ರಿಕ ದೋಣಿಗಳಿಗೆ 2021ರ ಕಾಯ್ದೆ ನೋಂದಣಿ–ತಪಾಸಣೆಯ ಚೌಕಟ್ಟು ಕೊಟ್ಟಿದೆ. ಹುಟ್ಟಿನ ದೋಣಿಗೂ ಜಿಲ್ಲಾಡಳಿತ ಅಷ್ಟೇ ಬಿಗಿಯಾದ ನಿಯಮ ಮಾಡಬೇಕು. ದೊಡ್ಡ ದೋಣಿ ಬೇಡವೆನ್ನುವುದಕ್ಕೆ ನನ್ನ ಮುಖ್ಯ ಕಾರಣವೂ ಇದೇ.

ಹಕ್ಕಿಗಳಿಗೆ ತೊಂದರೆ ಎನ್ನುವವರು ರಂಗನತಿಟ್ಟನ್ನು ನೋಡಬಹುದು. 1940ರಿಂದ ರಕ್ಷಿತವಾಗಿ, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಆ ಪಕ್ಷಿಧಾಮದಲ್ಲಿ ಅರಣ್ಯ ಇಲಾಖೆಯ ಅಂಬಿಗರು ಹುಟ್ಟು ಹಾಕುತ್ತ ಪ್ರವಾಸಿಗರನ್ನು ಗೂಡುಗಳ ಹತ್ತಿರಕ್ಕೇ ಕರೆದೊಯ್ಯುತ್ತಾರೆ. ಪರಂಪರೆಯ ಸ್ಥಳಕ್ಕೆ ಧಕ್ಕೆ ಎನ್ನುವವರಿಗೆ ಕಾನೂನೇ ಉತ್ತರ ಕೊಡುತ್ತದೆ: ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಯಾವ ಕಟ್ಟಡಕ್ಕೂ ಅವಕಾಶವಿಲ್ಲ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ತೆಪ್ಪಕ್ಕೆ ಕಟ್ಟಡವೇ ಬೇಕಿಲ್ಲ. ವಾಸ್ತವವಾಗಿ ದ್ವಾರಸಮುದ್ರದ ನೀರಿನ ಮೇಲಿಂದ ನೋಡಿದಾಗಲೇ ಹಳೇಬೀಡು ಒಂದು ನಗರವಾಗಿ ಅರ್ಥವಾಗುತ್ತದೆ. ಅರಮನೆ ಇತ್ತೆಂದು ಹೇಳುವ ಬೆಣ್ಣೆಗುಡ್ಡ, ಆಚೆಗೆ ಪುಷ್ಪಗಿರಿ, ಈಚೆಗೆ ಬಸದಿಗಳು, ಕೇದಾರೇಶ್ವರ, ಹೊಯ್ಸಳೇಶ್ವರ, ಇವುಗಳ ನಡುವಿನ ದೂರ ಮತ್ತು ಸಂಬಂಧ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದು ಮುತ್ತಿದ್ದು ಈ ನಗರವನ್ನು. ಗುಡಿಯ ಆವರಣದೊಳಗೆ ನಿಂತವನಿಗೆ ಶಿಲ್ಪ ಕಾಣುತ್ತದೆ, ರಾಜಧಾನಿ ಕಾಣುವುದಿಲ್ಲ.

2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆ ಬಂದಾಗಿನಿಂದ ಪ್ರವಾಸಿಗರಿಗೆ ಸೌಕರ್ಯ ಹೆಚ್ಚಿಸುವ ಮಾತು ಜೋರಾಗಿದೆ, ಅದರಲ್ಲಿ ಹೆಚ್ಚಿನದು ಪಾರ್ಕಿಂಗ್, ರಸ್ತೆ, ದೀಪಗಳ ಮಾತು. ಹಳೇಬೀಡು ಭಾಗದ ರೈತರು ಇದಕ್ಕೂ ಮುಂಚಿನಿಂದ ಬೇರೆಯದನ್ನೇ ಕೇಳುತ್ತ ಬಂದಿದ್ದಾರೆ: ಯಗಚಿಯ ನೀರನ್ನು ರಣಘಟ್ಟದಿಂದ ದ್ವಾರಸಮುದ್ರಕ್ಕೆ ಮತ್ತೆ ಹರಿಸಿ ಎಂದು. ಎಂಟುನೂರು ವರ್ಷ ಹಿಂದಿನ ದಾರಿಯನ್ನು ತೆರೆಯಲು ವರ್ಷಗಟ್ಟಲೆ ಹೋರಾಡಿದ ಮೇಲೆ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಆ ಹೋರಾಟದಲ್ಲಿ ಪ್ರವಾಸಿಗಳ ದನಿ ಇರಲಿಲ್ಲ, ಇರಬೇಕಿತ್ತು. ಹೊಯ್ಸಳ ಶಿಲ್ಪ ನೋಡಿ ಮರುಳಾಗುವ ನಾವೆಲ್ಲ ಅದೇ ಕೈಗಳು ಕಟ್ಟಿದ ಕೆರೆ–ಕಾಲುವೆಗಳಿಗೂ ದನಿಗೂಡಿಸಬೇಕು. ಈ ಬೇಸಿಗೆಯಲ್ಲಿ ಹಳೇಬೀಡಿಗೆ ಹೋಗುವವರು ಗುಡಿ ನೋಡಿದ ಮೇಲೆ ದ್ವಾರಸಮುದ್ರದ ಏರಿ ಹತ್ತಿ, ನೀರು ಎಷ್ಟಿದೆ ಎಂದು ನೋಡಿ. ಇಲ್ಲವೆಂದರೆ ಯಾಕಿಲ್ಲ ಎಂದು ಅಲ್ಲಿನವರನ್ನು ಕೇಳಿ, ಊರಿಗೆ ಮರಳಿದ ಮೇಲೆ ಪ್ರವಾಸೋದ್ಯಮ ಇಲಾಖೆಗೂ ಸಣ್ಣ ನೀರಾವರಿ ಇಲಾಖೆಗೂ ಒಂದೊಂದು ಪತ್ರ ಬರೆಯಿರಿ. ಎರಡೂ ಪತ್ರಗಳಲ್ಲಿ ಒಂದೇ ಬೇಡಿಕೆ ಇರಲಿ: ಮೊದಲು ಕಾಲುವೆ, ಆಮೇಲೆ ಹೂಳು, ಕೊನೆಗೆ ತೆಪ್ಪ.